ಕಜ್ಜಿ ಹಿಡಿದ ಬೀದಿನಾಯಿ: ಕಲ್ಲೆಸೆಯುವ ಮೊದಲು

ಕಾಸರಗೋಡು: ರೋಮ ಉದುರಿ, ಚರ್ಮ ದಪ್ಪಗಟ್ಟಿ, ಕೆರೆದು ಕೆರೆದು ರಕ್ತ ಒಸರುವ ನಾಯಿಯೊಂದು ಅಂಗಡಿ ಜಗಲಿಯಲ್ಲಿ ಮಲಗಿದರೆ ಮೊದಲು ಬೀಳುವುದು ಕಲ್ಲು. ಅದಕ್ಕೆ ಹುಚ್ಚು ಹಿಡಿದಿದೆ ಎಂಬ ಮಾತೂ ಹಬ್ಬುತ್ತದೆ. ಆದರೆ ಇಂಥ ನಾಯಿಗಳಲ್ಲಿ ಹೆಚ್ಚಿನವಕ್ಕೆ ಬಂದಿರುವುದು ತುರಿಕಜ್ಜಿ, ಮಲಯಾಳದಲ್ಲಿ ಹೇಳುವ 'ಚೊರಿ'. ಅದು ಗುಣವಾಗುತ್ತದೆ. ಹುಚ್ಚುನಾಯಿ ರೋಗ ಅಥವಾ ರೇಬಿಸ್‌, ಮೃಗಾಸ್ಪತ್ರೆಯ ಫಲಕದಲ್ಲಿ ಕಾಣುವ 'ಪೇವಿಷಬಾಧ', ನಾಯಿಗೆ ಬಂದರೆ ಗುಣವಾಗುವುದಿಲ್ಲ.

ಗುರುತಿಸುವುದು ಹೇಗೆ?

ಕಜ್ಜಿ ಸಾಮಾನ್ಯವಾಗಿ ಕಿವಿಯ ಅಂಚು, ಮೊಣಕೈ, ಹೊಟ್ಟೆಯಿಂದ ಆರಂಭವಾಗುತ್ತದೆ. ನಾಯಿ ಸೊರಗಿದ್ದರೂ ಕರೆದರೆ ನೋಡುತ್ತದೆ, ಅನ್ನ ಹಾಕಿದರೆ ತಿನ್ನುತ್ತದೆ. ರೇಬಿಸ್‌ ಬಂದ ನಾಯಿಯ ಸ್ವಭಾವವೇ ಬದಲಾಗುತ್ತದೆ. ಕಾರಣವಿಲ್ಲದೆ ಕಚ್ಚುವುದು, ಅಥವಾ ಮಂಕಾಗಿ ಮೂಲೆ ಸೇರುವುದು, ಜೊಲ್ಲು ಸುರಿಸುವುದು, ಕೆಳದವಡೆ ಜೋತು ಬೀಳುವುದು, ಬೊಗಳುವ ಸ್ವರ ಕೆಡುವುದು, ಹಿಂಗಾಲು ತೂರಾಡುವುದು ಇದರ ಲಕ್ಷಣಗಳು. ಇಂಥ ನಾಯಿಯ ಹತ್ತಿರ ಹೋಗಬೇಡಿ. ಮಕ್ಕಳನ್ನು ದೂರವಿರಿಸಿ ಪಂಚಾಯತಿಗೂ ಮೃಗಾಸ್ಪತ್ರೆಗೂ ತಿಳಿಸಿ. ಕಜ್ಜಿ ಇರುವ ನಾಯಿಗೆ ರೇಬಿಸ್‌ ಬರಲಾರದು ಎಂದೂ ಇಲ್ಲ. ಆದ್ದರಿಂದ ಯಾವ ನಾಯಿಯನ್ನೂ ಬರಿಗೈಯಲ್ಲಿ ಹಿಡಿಯಬಾರದು.

ಚಿಕಿತ್ಸೆ

ಕಜ್ಜಿಗೆ ಕಾರಣ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಸುಟ್ಟ ಆಯಿಲ್‌, ಸೀಮೆಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ. ನಾಯಿ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಐವರ್ಮೆಕ್ಟಿನ್‌ ಪರಿಣಾಮಕಾರಿ ಔಷಧ, ಆದರೆ ಪ್ರಮಾಣ ನಾಯಿಯ ತೂಕದ ಮೇಲೆ ನಿಂತಿದೆ. ಕೆಲವು ಜಾತಿಯ ನಾಯಿಗಳಿಗೆ ಅದೇ ಪ್ರಾಣಾಂತಿಕ. ಡಾಕ್ಟರರ ಸಲಹೆಯಿಲ್ಲದೆ ಕೊಡಬಾರದು. ಬಾಯಿಗೆ ಕೊಡುವ ಹೊಸ ಮಾತ್ರೆಗಳೂ ಈಗ ಸಿಗುತ್ತವೆ, ಬೆಲೆ ಮಾತ್ರ ಹೆಚ್ಚು.

ಹೆಚ್ಚಿನವರು ಸೋಲುವುದು ಇಲ್ಲಿಯೇ. ಒಂದು ಇಂಜೆಕ್ಷನ್‌ ಆದಾಗ ತುರಿಕೆ ಕಡಿಮೆಯಾಗುತ್ತದೆ, ಕೆಲಸ ಮುಗಿಯಿತು ಎಂದು ಬಿಟ್ಟುಬಿಡುತ್ತಾರೆ. ಔಷಧಕ್ಕೆ ನುಸಿ ಸತ್ತರೂ ಮೊಟ್ಟೆ ಉಳಿಯುತ್ತದೆ. ಅದು ಒಡೆದಾಗ ರೋಗ ಮರಳುತ್ತದೆ. ಆದ್ದರಿಂದ ಡಾಕ್ಟರು ಹೇಳಿದ ಅಂತರದಲ್ಲಿ ಔಷಧ ಮುಂದುವರಿಸಬೇಕು. ಒಂದರಿಂದ ಒಂದೂವರೆ ತಿಂಗಳು ಹಿಡಿಯಬಹುದು. ಅಷ್ಟು ದಿನ ನಾಯಿಯನ್ನು ಮನೆಯ ನಾಯಿಗಳಿಂದ ದೂರ, ಶೆಡ್ಡಿನಲ್ಲಿ ಕಟ್ಟಿ ಸಾಕಿ. ಮಲಗುವ ಗೋಣಿಯನ್ನು ಆಗಾಗ ಬದಲಿಸಿ, ಹಳೆಯದನ್ನು ಸುಡಿ. ಮುಟ್ಟುವಾಗ ಕೈಗವಸು ಹಾಕಿ, ಈ ನುಸಿ ಮನುಷ್ಯರಿಗೂ ಕೆಲವು ದಿನ ತುರಿಕೆ ತರುತ್ತದೆ. ಹಸಿದು ಬಡಕಲಾದ ನಾಯಿಗೆ ಒಮ್ಮೆಲೇ ಹೊಟ್ಟೆ ತುಂಬಿಸದೆ, ಅನ್ನ, ಬೇಯಿಸಿದ ಮೊಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಈರುಳ್ಳಿ ಬೇಡ.

ಕಚ್ಚಿದರೆ, ಪರಚಿದರೆ

ಗಾಯವನ್ನು ತಕ್ಷಣ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಶಿನ, ಸುಣ್ಣ, ಮೆಣಸಿನ ಹುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ಎಲ್ಲಾ ಡೋಸುಗಳನ್ನೂ ಮುಗಿಸಿ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬುಲಿನ್‌ ಕೂಡ ಬೇಕಾಗುತ್ತದೆ. ನಾಯಿಯನ್ನು 10 ದಿನ ಗಮನಿಸಬೇಕು ನಿಜ, ಆದರೆ ಅದಕ್ಕಾಗಿ ಲಸಿಕೆಯನ್ನು ಮುಂದೂಡಬಾರದು. ಮನುಷ್ಯರಲ್ಲಿ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತ್ಯಪರೂಪ.

ಗುಣವಾದ ಮೇಲೆ

ಹೊಸ ರೋಮ ಬಂದು ನಾಯಿ ಚೇತರಿಸಿಕೊಂಡ ಮೇಲೆ ರೇಬಿಸ್‌ ಲಸಿಕೆ, ಹುಳದ ಔಷಧ, ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಬೇಕು. ರೇಬಿಸ್‌ ಲಸಿಕೆಯನ್ನು ವರ್ಷಕ್ಕೊಮ್ಮೆ ಮರಳಿ ಕೊಡಿಸಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಕ್ರಿಯೆಯಾದ ಬೀದಿನಾಯಿಯನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕು. ಆದರೆ ಶಾಲೆ, ಆಸ್ಪತ್ರೆ, ಬಸ್‌ ನಿಲ್ದಾಣ, ರೈಲು ನಿಲ್ದಾಣದ ಆವರಣಗಳಿಂದ ಹಿಡಿದವುಗಳನ್ನು ಅಲ್ಲಿಗೇ ಮರಳಿ ಬಿಡಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಆದೇಶಿಸಿತು. ನೀವೇ ಸಾಕುವುದಾದರೆ ಕೇರಳದಲ್ಲಿ ಪಂಚಾಯತಿನ ಲೈಸನ್ಸ್‌ ಬೇಕು, ಅದಕ್ಕೆ ಲಸಿಕೆಯ ಸರ್ಟಿಫಿಕೇಟು ಬೇಕು.

ಲಸಿಕೆ ಹಾಕಿಸಿಕೊಂಡ ಒಂದು ನಾಯಿ ಊರಿನಲ್ಲಿದ್ದರೆ ರೇಬಿಸ್‌ ಹರಡಬಲ್ಲ ಒಂದು ನಾಯಿ ಕಡಿಮೆಯಾದಂತೆ. ಕಲ್ಲು ತಿಂದು ಪಕ್ಕದ ಓಣಿಗೆ ಓಡಿದ ನಾಯಿಯಿಂದ ಆ ಪ್ರಯೋಜನ ಯಾರಿಗೂ ಇಲ್ಲ.