ನಮ್ಮ ತಾಲ್ಲೂಕಿನ ‘ಶೆರಿಫ್’ ಯಾರು?

ಅಮೆರಿಕದ ಸಿನಿಮಾವೊಂದನ್ನು ನೋಡಿದ ಹೊನ್ನಾಳಿಯ ಗೆಳೆಯ ಮೊನ್ನೆ ಕೇಳಿದ: “ಶೆರಿಫ್ ಅಂದ್ರೆ ನಮ್ಮ ತಹಶೀಲ್ದಾರ್ರಾ, ಇನ್ಸ್‌ಪೆಕ್ಟರಾ?” ಇಬ್ಬರೂ ಅಲ್ಲ ಅಂದೆ. ಆಮೇಲೆ ಯೋಚಿಸಿದರೆ ಇಬ್ಬರೂ ಸ್ವಲ್ಪ ಸ್ವಲ್ಪ ಹೌದು.

ಅಲ್ಲಿ ಬಹುತೇಕ ಕೌಂಟಿಗಳಲ್ಲಿ ಶೆರಿಫ್‌ನನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಬಂಧನ, ಜೈಲು, ಕೋರ್ಟಿನ ಸಮನ್ಸ್ ಜಾರಿ ಹಲವು ಕಡೆ ಆ ಒಂದೇ ಕಚೇರಿಯ ಕೆಲಸ. ನಮ್ಮ ದೇಶದಲ್ಲಿ ಮುಂಬೈ, ಕೋಲ್ಕತ್ತಾದಲ್ಲಿ ಹೆಸರು ಉಳಿದುಕೊಂಡಿದೆ, ಗೌರವಕ್ಕೆ ಮಾತ್ರ. ಸುನಿಲ್ ಗವಾಸ್ಕರ್ ಕೂಡ ಮುಂಬೈ ಶೆರಿಫ್ ಆಗಿದ್ದರು!

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಈ ಅಧಿಕಾರ ಹರಿದು ಹಂಚಿಹೋಗಿದೆ. ಬಂಧಿಸುವುದು ಪೊಲೀಸರು. ಸಿವಿಲ್ ಕೋರ್ಟಿನ ನೋಟಿಸ್ ಹಿಡಿದು ಬರುವುದು ಅಮೀನ. ತಹಶೀಲ್ದಾರ್ ತಾಲ್ಲೂಕು ದಂಡಾಧಿಕಾರಿ. ಪಹಣಿ, ಜಾತಿ ಪ್ರಮಾಣಪತ್ರಕ್ಕೆ ಅಲೆಯುವ ನಮಗೆ ‘ದಂಡಾಧಿಕಾರಿ’ ಬೋರ್ಡಿನ ಮೇಲಿನ ಪದ ಅಷ್ಟೇ. ಆದರೆ ನೀವು ಶಾಂತಿ ಕದಡಬಹುದು ಅಂತ ಪೊಲೀಸರು ವರದಿ ಕೊಟ್ಟರೆ, ಕರೆಸಿ ಬಾಂಡ್ ಬರೆಸಿಕೊಳ್ಳುವುದು ಅದೇ ಕಚೇರಿ. ಹೋರಾಟಕ್ಕೆ ಇಳಿದ ಹುಡುಗರಿಗೆ ಇದು ಗೊತ್ತಿರಬೇಕು. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಶವಪಂಚನಾಮೆಗೂ ತಹಶೀಲ್ದಾರರೇ ಬರುತ್ತಾರೆ.

ಈ ವ್ಯಾಪ್ತಿಯ ಗಡಿಯನ್ನು ಸರ್ಕಾರದ ಅಧಿಸೂಚನೆಯೇ ಎಳೆಯುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಆಮೇಲೆ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಯಿತು. ಈಗ ತಹಶೀಲ್ದಾರರು ಇಬ್ಬರು. ನಾವು ಓಟು ಹಾಕಿ ಆರಿಸುವ ಶಾಸಕರು ಮಾತ್ರ ಎರಡೂ ತಾಲ್ಲೂಕಿಗೆ ಒಬ್ಬರೇ.

ವ್ಯಾಪ್ತಿಯ ಪ್ರಶ್ನೆ ನಿಜಕ್ಕೂ ಸುಡುವುದು ಠಾಣೆಯೊಳಗೆ. 2024ರ ಮೇನಲ್ಲಿ ಚನ್ನಗಿರಿ ಪೊಲೀಸರು ಕರೆತಂದಿದ್ದ ವ್ಯಕ್ತಿಯೊಬ್ಬರು ಸತ್ತರು. ಜನ ಠಾಣೆಗೆ ನುಗ್ಗಿ ದಾಂಧಲೆ ಎಬ್ಬಿಸಿದರು, ಡಿವೈಎಸ್‌ಪಿ ಮತ್ತು ಇನ್ಸ್‌ಪೆಕ್ಟರ್ ಅಮಾನತಾದರು. ಲಾಕಪ್ ಡೆತ್ ಅಂದರು ಕೆಲವರು, ಅಲ್ಲ ಅಂದಿತು ಸರ್ಕಾರ. ಟಿವಿಯಲ್ಲಿ ಅದೇ ಜಗಳ. ಅದನ್ನು ತೀರ್ಮಾನಿಸಬೇಕಾದವರು ಯಾರು ಅಂತ ಕೇಳಿದವರು ಕಡಿಮೆ.

ಮೊದಲು ಇಂಥ ಸಾವಿನ ವಿಚಾರಣೆ ಕಂದಾಯ ಅಧಿಕಾರಿಗಳ ಕೈಲೇ ಇತ್ತು. ಪೊಲೀಸರೂ ಅವರೂ ಒಂದೇ ಸರ್ಕಾರದ ನೌಕರರು. 2005ರ ತಿದ್ದುಪಡಿ ಅದನ್ನು ನ್ಯಾಯಾಂಗದ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿತು. ಅಷ್ಟೇ ಅಲ್ಲ, ಸಾಧ್ಯವಿದ್ದಷ್ಟೂ ಸತ್ತವರ ಸಂಬಂಧಿಕರಿಗೆ ತಿಳಿಸಬೇಕು, ವಿಚಾರಣೆ ನಡೆಯುವಾಗ ಅವರು ಹಾಜರಿರಲು ಬಿಡಬೇಕು. ಠಾಣೆಯ ಮುಂದೆ ಗುಂಪು ಸೇರಿದಾಗ, ಮನೆಯವರ ಕಿವಿಗೆ ಮೊದಲು ಬೀಳಬೇಕಾದ ಮಾತು ಇದು.