ಶಾಲಾರಂಭವೂ ಹೊಗೆಸೊಪ್ಪಿನ ಸುಗ್ಗಿಯೂ

ಮೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ನಾಡಿನ ಪ್ರಾಥಮಿಕ ಶಾಲೆಗಳ ಬಾಗಿಲು ಮತ್ತೆ ತೆರೆಯುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಹೋಬಳಿಯಲ್ಲಿಯೂ, ಅದರ ಸುತ್ತಣ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿಯೂ ಆ ದಿನ ಶಾಲೆಯ ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗವಲ್ಲಿ, ಬಂದ ಮಕ್ಕಳ ಕೈಗೆ ಹೂವು, ಬಾಯಿಗೆ ಸಿಹಿ. ಇಲಾಖೆಯವರು ಇದಕ್ಕೆ ಶಾಲಾ ಪ್ರಾರಂಭೋತ್ಸವವೆಂದು ಹೆಸರಿಟ್ಟಿರುವರು. ಸಂಭ್ರಮವು ಯುಕ್ತವಾದುದೇ, ಮದುವೆ ಮುಂಜಿಗಳಿಗೆ ತೋರಣ ಕಟ್ಟುವ ನಾವು ಅಕ್ಷರಾರಂಭಕ್ಕೆ ಕಟ್ಟದಿದ್ದರೆ ಹೇಗೆ? ಆದರೆ ತೋರಣವು ಒಂದು ದಿನದ್ದು, ಶಾಲೆಯ ವರ್ಷವು ಹತ್ತು ತಿಂಗಳದ್ದು. ಮೊದಲ ದಿನ ಹೂವು ಹಿಡಿದು ಬಂದ ಮಗುವು ಭಾದ್ರಪದದಲ್ಲಿಯೂ ಮಾಘದಲ್ಲಿಯೂ ಅದೇ ಸ್ಥಳದಲ್ಲಿ ಕುಳಿತಿರುವುದೋ ಇಲ್ಲವೋ ಎಂಬುದನ್ನು ಮಹಾಜನರೂ ಅಧಿಕಾರಿವರ್ಗದವರೂ ಈಗಲೇ ಆಲೋಚಿಸತಕ್ಕದ್ದೆಂದು ನಾವು ಬಿನ್ನವಿಸುತ್ತೇವೆ.

ಈ ಸೀಮೆಯ ಒಕ್ಕಲುತನವನ್ನು ಬಲ್ಲವರಿಗೆ ನಮ್ಮ ಮಾತಿನ ಅರ್ಥ ಕೂಡಲೆ ತಿಳಿಯುವುದು. ಇಲ್ಲಿಯ ಹೊಲಗಳಲ್ಲಿ ರೊಕ್ಕ ತರುವ ಬೆಳೆಯೆಂದರೆ ವರ್ಜೀನಿಯಾ ಹೊಗೆಸೊಪ್ಪು. ಬೇಸಗೆಯಲ್ಲಿ ಸಸಿಮಡಿ ಮಾಡಿ, ಮಳೆಯ ಹದ ನೋಡಿಕೊಂಡು ಮೇ, ಜೂನ್ ತಿಂಗಳುಗಳಲ್ಲಿ ನಾಟಿ ಮಾಡುವರು. ಜುಲೈಯಿಂದ ಎಲೆ ಮುರಿಯುವ ಕೆಲಸ ತೊಡಗುವುದು. ಎಲೆಯು ಒಂದೇ ಸಲಕ್ಕೆ ಮಾಗುವುದಿಲ್ಲ. ಗಿಡದ ಬುಡದಿಂದ ಮೇಲಕ್ಕೆ ಕೆಲಕೆಲವಾಗಿ ಮಾಗುತ್ತ ಬರುವುದು. ಮಾಗಿದ ಎಲೆಯನ್ನು ತಡಮಾಡದೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ದಿನಗಟ್ಟಲೆ ಹಗಲಿರುಳೆನ್ನದೆ ಉರಿ ಕಾಯ್ದು ಬೇಯಿಸಬೇಕು. ತಡವಾದರೆ ಎಲೆ ಕೆಡುವುದು. ಎಲೆ ಕೆಟ್ಟರೆ ಹರಾಜು ಕಟ್ಟೆಯಲ್ಲಿ ಬೆಲೆ ಬೀಳುವುದು. ಆದುದರಿಂದ ಆ ದಿನಗಳಲ್ಲಿ ಮನೆಯಲ್ಲಿರುವ ಕೈಗಳೆಲ್ಲವೂ ಬೇಕಾಗುತ್ತವೆ. ದೊಡ್ಡವರು ಹೊಲಕ್ಕೆ ಹೋದರೆ ಎಳೆಗೂಸನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಬೇಕು. ಕಡ್ಡಿಗೆ ಎಲೆ ಎತ್ತಿಕೊಡಲು ಹತ್ತು ವರ್ಷದ ಅಣ್ಣ ಬೇಕು. ಶಾಲೆಯ ಮೊದಲನೆಯ ಅವಧಿಯೆಂದರೆ ಮೇ ಅಂತ್ಯದಿಂದ ದಸರೆಯ ರಜೆಯವರೆಗೆ. ಹೊಗೆಸೊಪ್ಪಿನ ನಾಟಿಯೂ ಸುಗ್ಗಿಯೂ ಬಹುಮಟ್ಟಿಗೆ ಇದೇ ಅವಧಿಯೊಳಗೆ ಬೀಳುತ್ತವೆ.

ದಸರೆಯ ಅನಂತರವಾದರೂ ಬಿಡುವು ಉಂಟೆ? ಹೊಗೆಸೊಪ್ಪಿನ ಕೂಲಿ ಮುಗಿಯುವ ಹೊತ್ತಿಗೆ ಪಕ್ಕದ ಕೊಡಗಿನ ತೋಟಗಳಲ್ಲಿ ಕಾಫಿಯ ಹಣ್ಣು ಕೆಂಪಾಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಅಲ್ಲಿ ಹಣ್ಣು ಕೊಯ್ಯುವ ಕೆಲಸ. ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳ ಹಾಡಿಗಳಿಂದ ಜೇನುಕುರುಬರೂ ಇತರ ಬಡಕುಟುಂಬಗಳೂ ಅಲ್ಲಿಗೆ ಹೋಗಿ ತೋಟದ ಲೈನ್ ಮನೆಗಳಲ್ಲಿ ಇದ್ದು ದುಡಿದು ಬರುವುದು ವರ್ಷವರ್ಷದ ಸಂಗತಿ. ತಂದೆತಾಯಿಗಳು ಹೋದರೆ ಮಕ್ಕಳು ಹಿಂದೆ ಉಳಿಯುವುದು ಹೇಗೆ? ಹೀಗೆ ಶಾಲೆಯ ಮೊದಲರ್ಧವನ್ನು ಒಂದು ಬೆಳೆ, ಉಳಿದರ್ಧವನ್ನು ಇನ್ನೊಂದು ಬೆಳೆ ಕೊಯ್ದುಕೊಂಡು ಹೋಗುತ್ತವೆ. ಮಗುವು ಶಾಲೆ ಬಿಟ್ಟಿತು ಎಂದು ದಾಖಲೆಯಲ್ಲಿ ಬರೆಯುವ ಮೊದಲು ಈ ಪಂಚಾಂಗವನ್ನು ಒಮ್ಮೆ ನೋಡತಕ್ಕದ್ದು. ಬಡವರಿಗೆ ವಿದ್ಯೆಯಲ್ಲಿ ಆದರವಿಲ್ಲವೆಂದು ಪೇಟೆಯ ಜಗಲಿಯಲ್ಲಿ ಕುಳಿತು ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಆದರವಿಲ್ಲದಿದ್ದರೆ ಅವರು ಮೇ ತಿಂಗಳಲ್ಲಿ ಮಗುವಿನ ಕೈ ಹಿಡಿದು ಶಾಲೆಯ ಬಾಗಿಲಿಗೆ ಬರುತ್ತಲೇ ಇರಲಿಲ್ಲ.

ನಮ್ಮ ನಾಡಿಗೆ ಶಾಲೆಯ ವಿಷಯದಲ್ಲಿ ಹಿಂದಿನಿಂದಲೂ ಒಳ್ಳೆಯ ಹೆಸರುಂಟು. ಶಾಸನಶೋಧನೆಗೆ ಪ್ರಸಿದ್ಧರಾದ ಬಿ.ಎಲ್. ರೈಸರು ಮೈಸೂರಿನ ವಿದ್ಯಾ ಇಲಾಖೆಯಲ್ಲಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆಯ ಯೋಜನೆಯನ್ನು ಹಾಕಿಕೊಟ್ಟರು. 1911ರಲ್ಲಿ ಗೋಖಲೆಯವರು ಕಡ್ಡಾಯದ ಪ್ರಾಥಮಿಕ ವಿದ್ಯಾಭ್ಯಾಸಕ್ಕಾಗಿ ಹಿಂದೂಸ್ಥಾನದ ಶಾಸನಸಭೆಯಲ್ಲಿ ಮಸೂದೆಯನ್ನು ತಂದರು. ಮರುವರ್ಷ ಅದು ಬಿದ್ದುಹೋಯಿತು. ಬ್ರಿಟಿಷ್ ಸರ್ಕಾರವು ಕೈಬಿಟ್ಟ ಆ ಕೆಲಸವನ್ನು ಮೈಸೂರು ಸಂಸ್ಥಾನವು 1913ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನಿನ ಮೂಲಕ ಆಯ್ದ ಸ್ಥಳಗಳಲ್ಲಿ ಕೈಗೊಂಡಿತು. ಅಲ್ಲಿಂದ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯವರೆಗೂ ಕಡ್ಡಾಯವೆಂಬ ಮಾತಿನ ಭಾರವು ಬಹುವಾಗಿ ತಂದೆತಾಯಿಗಳ ಮೇಲೆಯೇ ಇದ್ದಿತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಈ ಭಾರವನ್ನು ತಿರುಗಿಸಿತು. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಶಾಲೆಗೆ ಸೇರಿಸುವುದೂ, ಅದು ಬಂದು ಕಲಿತು ಮುಗಿಸುವಂತೆ ನೋಡಿಕೊಳ್ಳುವುದೂ ಸರ್ಕಾರದ ಹೊಣೆಯೆಂದು ಆ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಸ್ವಾಗತವೆಂಬುದು ಇಂದು ಶಾಲೆಯವರು ತೋರುವ ದಾಕ್ಷಿಣ್ಯವಾಗಿ ಉಳಿದಿಲ್ಲ; ಅವರು ಸಲ್ಲಿಸಬೇಕಾದ ಋಣವಾಗಿದೆ.

ಈ ಕಾಯಿದೆಯಲ್ಲಿ ಅಲೆದಾಡುವ ಕುಟುಂಬಗಳಿಗೆ ಉಪಯುಕ್ತವಾದ ಕೆಲವು ವಿಧಿಗಳಿವೆ. ಅವು ಎಲ್ಲರಿಗೂ ತಿಳಿದಿರಬೇಕಾದುದು ಅತ್ಯವಶ್ಯಕವು. ವಯಸ್ಸಿನ ದಾಖಲೆಯಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸಕೂಡದು. ವರ್ಷದ ನಡುವೆ ಬಂದಿತೆಂದು ಪ್ರವೇಶ ನಿರಾಕರಿಸಕೂಡದು. ಬೇರೆ ಶಾಲೆಗೆ ಹೋಗಬೇಕಾದ ಮಗುವಿಗೆ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೆ ಕೊಡತಕ್ಕದ್ದು. ಆ ಪತ್ರ ಬರುವುದು ತಡವಾಯಿತೆಂಬುದೂ ಪ್ರವೇಶಕ್ಕೆ ಅಡ್ಡಿಯಾಗಕೂಡದು. ಹಿಂದುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲಿಯೇ ಸೇರಿಸಿ ವಿಶೇಷ ಪಾಠ ಹೇಳತಕ್ಕದ್ದು. ಕೊಡಗಿಗೂ ಮೈಸೂರಿಗೂ ಸರ್ಕಾರ ಒಂದೇ, ಭಾಷೆ ಒಂದೇ, ಪಠ್ಯಪುಸ್ತಕವೂ ಒಂದೇ. ಹೀಗಿರುವಾಗ ಬೆಟ್ಟದಪುರದ ಕಡೆಯ ಮಗುವು ಮೂರು ತಿಂಗಳು ತೋಟದ ಬಳಿಯ ಶಾಲೆಯಲ್ಲಿ ಕಲಿತು ಬರುವುದಕ್ಕೆ ಅಡ್ಡಿಯೇನು? ಅಡ್ಡಿಯಿರುವುದು ಹೇಳಿಕಳುಹಿಸುವವರೂ ಕೇಳಿ ಕರೆದುಕೊಳ್ಳುವವರೂ ಇಲ್ಲದಿರುವುದರಲ್ಲಿ ಮಾತ್ರ.

ಇನ್ನು ಪಾಠದ ವಿಷಯ. ತಿಂಗಳುಗಟ್ಟಲೆ ಇಲ್ಲದಿದ್ದು ಬಂದ ಮಗುವಿಗೆ ಶಾಲೆಯಲ್ಲಿ ಕಾದಿರುವ ಭಯವು ಯಾವುದು? ತಾನಿಲ್ಲದಾಗ ಪಾಠವು ಮುಂದೆ ಹೋಗಿದೆ, ತನ್ನ ಜೊತೆಯವರು ಓದುವುದು ತನಗೆ ತಿಳಿಯುವುದಿಲ್ಲ ಎಂಬ ನಾಚಿಕೆ. ಒಂದೆರಡು ದಿನ ಹಿಂದಿನ ಸಾಲಿನಲ್ಲಿ ಕುಳಿತು ಮೂರನೆಯ ದಿನ ಅದು ಬರುವುದನ್ನು ನಿಲ್ಲಿಸುವುದು. ಈ ರೋಗಕ್ಕೆ ಮದ್ದನ್ನು ಕಂಡವರು ಇದೇ ಸೀಮೆಯ ಉಪಾಧ್ಯಾಯರೆಂಬುದು ನಮಗೆ ಅಭಿಮಾನದ ವಿಷಯ. ಹೆಗ್ಗಡದೇವನಕೋಟೆಯ ಕೆಲವರು ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದು, 1995ರಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ತಮ್ಮ ತಾಲ್ಲೂಕಿನಲ್ಲಿ ಆರಂಭಿಸಿದ ಕ್ರಮಕ್ಕೆ ನಲಿ-ಕಲಿ ಎಂದು ಹೆಸರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿಯೊಂದು ಮೆಟ್ಟಿಲಿಗೂ ಚಿತ್ರದ ಕಾರ್ಡು, ಹಾಡು, ಆಟಗಳನ್ನು ಜೋಡಿಸಿ, ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿ ಕಲಿಸುವುದು ಅದರ ಕ್ರಮ. ಮಗುವು ತನ್ನ ಓಟದಲ್ಲಿ ತಾನು ಏರುವುದು. ನಡುವೆ ಹೋಗಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವುದು. 2009-10ರಲ್ಲಿ ಸರ್ಕಾರವು ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಹತ್ತುವವರು ನಡುದಾರಿಯಲ್ಲಿ ದಣಿವಾರಿಸಿಕೊಳ್ಳುವುದುಂಟು. ಎದ್ದವರನ್ನು ಮತ್ತೆ ಬುಡದಿಂದ ಹತ್ತಿ ಬಾ ಎಂದು ಯಾರೂ ಹೇಳುವುದಿಲ್ಲ. ಎಳೆಯ ಮಕ್ಕಳಿಗೆ ಈ ಸೀಮೆಯಲ್ಲಿಯೇ ಹುಟ್ಟಿದ ಈ ನ್ಯಾಯವನ್ನು ಮೇಲಿನ ತರಗತಿಗಳಲ್ಲಿಯೂ, ಸುಗ್ಗಿ ಮುಗಿಸಿ ಬಂದ ಪ್ರತಿಯೊಬ್ಬ ಮಗುವಿನ ವಿಷಯದಲ್ಲಿಯೂ ಪಾಲಿಸಬೇಕೆಂದು ನಾವು ಕೇಳುತ್ತೇವೆ.

ಶಾಲೆ ಮುಚ್ಚಿದರೆ ಏನಾಗುವುದೆಂಬುದನ್ನು ಇತ್ತೀಚಿನ ಕಾಲವು ಎಲ್ಲರಿಗೂ ತೋರಿಸಿಕೊಟ್ಟಿತು. 2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. ಆ ನಡುವೆ, 2020ರ ಆಗಸ್ಟಿನಲ್ಲಿ ತೊಡಗಿದ ವಿದ್ಯಾಗಮ ಯೋಜನೆಯಲ್ಲಿ, ಉಪಾಧ್ಯಾಯರು ತಾವೇ ಹಳ್ಳಿಗಳ ಜಗಲಿ, ಮರದಡಿಗಳಿಗೆ ಹೋಗಿ ಪಾಠ ಹೇಳಿದರು. ಅದು ಬಹುಕಾಲ ನಡೆಯಲಿಲ್ಲ. ಆದರೆ ಮಗು ಶಾಲೆಗೆ ಬಾರದಿದ್ದರೆ ಶಾಲೆಯು ಮಗುವಿದ್ದಲ್ಲಿಗೆ ಹೋಗಬಹುದೆಂಬುದು ಅದರಿಂದ ತಿಳಿಯಿತು. ಮಹಾಮಾರಿಯ ಕಾಲದಲ್ಲಿ ಸಾಧ್ಯವಾದುದು ಎಲೆ ಮುರಿಯುವ ಕಾಲದಲ್ಲಿ ಅಸಾಧ್ಯವೆಂದು ಹೇಳಲಾಗದು.

ಹಾಗಾದರೆ ಮಾಡತಕ್ಕದ್ದೇನು? ಪ್ರಾರಂಭೋತ್ಸವದ ದಿನ ಮಗುವಿಗೆ ಹೂವು ಕೊಟ್ಟ ಮೇಲೆ, ಅದರ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ, ವರ್ಷದಲ್ಲಿ ಯಾವ ಯಾವ ತಿಂಗಳು ಊರಲ್ಲಿರುವಿರಿ, ಯಾವಾಗ ಯಾವ ತೋಟಕ್ಕೆ ಹೋಗುವಿರಿ ಎಂದು ಉಪಾಧ್ಯಾಯರು ವಿಚಾರಿಸಿ ಬರೆದುಕೊಳ್ಳಲಿ. ಆ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳು ಕೊಡಗಿನ ತಮ್ಮ ಸಹೋದ್ಯೋಗಿಗಳಿಗೆ ಮುಂಚಿತವಾಗಿ ತಿಳಿಸಲಿ. ಹಿಂದೆ ಉಳಿಯಬಲ್ಲ ಮಕ್ಕಳಿಗೆ ಆಶ್ರಮ ಶಾಲೆಗಳಲ್ಲಿಯೋ ಸುಗ್ಗಿಯ ಕಾಲದ ವಸತಿಯಲ್ಲಿಯೋ ಸ್ಥಳ ಮಾಡಿಕೊಡಲಿ. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರತಕ್ಕದ್ದೆಂದೂ, ಸದಸ್ಯರಲ್ಲಿ ಅರ್ಧ ಸ್ತ್ರೀಯರಿರತಕ್ಕದ್ದೆಂದೂ ಕಾಯಿದೆ ಹೇಳುತ್ತದೆ. ಹೊಲದ ಕೂಲಿಗೆ ಹೋಗುವ ತಾಯಿಯು ಆ ಸಭೆಯಲ್ಲಿ ಕುಳಿತು ಮಾತನಾಡುವಂತೆ, ಸಭೆಯನ್ನು ಸಂಜೆಯ ಹೊತ್ತಿಗೆ ಕರೆಯಲಿ. ಎಳೆಗೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಅಂಗನವಾಡಿಯಲ್ಲಿ ಸರಿಯಾಗಿ ನಡೆದರೆ ಎಂಟು ವರ್ಷದ ಅಕ್ಕನು ಶಾಲೆಗೆ ಬರುವಳು. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ತೊಡಗಿ ಬೇಗನೆ ರಾಜ್ಯಕ್ಕೆಲ್ಲ ಹರಡಿದ ಅಕ್ಷರ ದಾಸೋಹದ ಬಿಸಿಯೂಟವೂ, 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲೂ ಬಡಮಕ್ಕಳನ್ನು ಶಾಲೆಗೆ ಎಳೆದು ತಂದಿವೆ. ಹಸಿವೆಯನ್ನು ಹೀಗೆ ಎದುರಿಸಿದ ಸರ್ಕಾರವು ಸುಗ್ಗಿಯನ್ನೂ ಎದುರಿಸಬಲ್ಲದು.

ಹೊಗೆಸೊಪ್ಪಿನ ಬೆಳೆಗಾರರಿಗೂ ಒಂದು ಮಾತು. ಮಳೆಯಲ್ಲಿಯೋ ಇಬ್ಬನಿಯಲ್ಲಿಯೋ ನೆನೆದ ಹಸಿ ಎಲೆಯನ್ನು ಮುಟ್ಟುವವರಿಗೆ ಅದರೊಳಗಿನ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರಿ ತಲೆಸುತ್ತು, ವಾಕರಿಕೆಗಳುಂಟಾಗುವುವೆಂದು ವೈದ್ಯರು ಹೇಳುತ್ತಾರೆ. ಎಳೆಯ ಮೈಗೆ ಇದರ ಬಾಧೆ ಎಷ್ಟಿರಬಹುದು! ಹದಿನಾಲ್ಕು ವರ್ಷ ತುಂಬದ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯಾದಂದಿನಿಂದ ಎಲ್ಲ ಉದ್ಯೋಗಗಳಲ್ಲಿಯೂ ಅಪರಾಧವೇ ಆಗಿದೆ. ಆದರೆ ಕಾಯಿದೆಯ ಭಯಕ್ಕಿಂತಲೂ ನಾವು ನೆಚ್ಚಿರುವುದು ಬೆಳೆಗಾರರ ಮನೆಯ ಹಿರಿಯರ ವಿವೇಕವನ್ನು. ತಮ್ಮ ಮಕ್ಕಳನ್ನು ವ್ಯಾನು ಹತ್ತಿಸಿ ಪೇಟೆಯ ಶಾಲೆಗೆ ಕಳುಹಿಸಿ, ಕೂಲಿಯವರ ಮಕ್ಕಳನ್ನು ಕಡ್ಡಿ ಕಟ್ಟುವಲ್ಲಿ ಕೂರಿಸಿಕೊಳ್ಳುವುದು ಅವರಿಗೆ ಶೋಭಿಸುವುದಿಲ್ಲ. ದೊಡ್ಡವರಿಗೆ ತಕ್ಕ ಕೂಲಿ ಕೊಟ್ಟರೆ ಮಗುವಿನ ಕೂಲಿಗೆ ತಾಯಿ ಆಸೆಪಡಳು.

ಕೊನೆಯದಾಗಿ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಎಷ್ಟು ಶಾಲೆಗಳಲ್ಲಿ ಉತ್ಸವ ನಡೆಯಿತು, ಎಷ್ಟು ಮಕ್ಕಳು ದಾಖಲಾದರು ಎಂಬ ವರದಿಯನ್ನು ಅವರು ಜೂನ್ ತಿಂಗಳಲ್ಲಿ ಮೇಲಕ್ಕೆ ಕಳುಹಿಸುವರಷ್ಟೆ. ಅದರಂತೆಯೇ ಸೆಪ್ಟೆಂಬರಿನಲ್ಲಿ ಒಂದು, ಫೆಬ್ರವರಿಯಲ್ಲಿ ಒಂದು ವರದಿಯನ್ನು ತರಿಸಿ, ಆ ಎರಡು ತಿಂಗಳ ಹಾಜರಿಯನ್ನು ಶಾಲೆಯ ಬಾಗಿಲಿನಲ್ಲಿ ಊರಿನವರೆಲ್ಲರೂ ಓದುವಂತೆ ತೂಗುಹಾಕಿಸಲಿ. ಯಾವ ಮಗು ಬರುತ್ತಿಲ್ಲವೆಂದು ಊರಿಗೇ ತಿಳಿದ ಮೇಲೆ ಅದನ್ನು ಕರೆತರಲು ಹೊರಡುವವರು ಬೆಟ್ಟದಪುರದ ಸೀಮೆಯಲ್ಲಿ ಇಲ್ಲದೆ ಹೋಗಲಾರರು.