ದೀವಿಹಲಸು: ಚಿತ್ರ, ಕಥೆ, ಉಪಯೋಗ

ಹಲಸನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಅದರ ದಾಯಾದಿಯಾದ ದೀವಿಹಲಸನ್ನು ಬಲ್ಲವರು ಕರಾವಳಿಯ ಹೊರಗೆ ವಿರಳ. ತುಳುನಾಡಿನಲ್ಲಿ ಅದಕ್ಕೆ ಜೀಗುಜ್ಜೆ ಎಂದು ಹೆಸರು. ಅಲ್ಲಿಯವರು ಅದರಿಂದ ಪೋಡಿ, ಪಲ್ಯ, ಸಾಂಬಾರುಗಳನ್ನು ಮಾಡುತ್ತಾರೆ. ದೀವಿ ಎಂದರೆ ದ್ವೀಪ. ಹೆಸರೇ ಸೂಚಿಸುವಂತೆ ಇದು ಕಡಲಾಚೆಯಿಂದ ಬಂದ ಅತಿಥಿ. ಇದನ್ನು ಅನ್ನವೆಂದು ನಂಬಿ ಬಾಳಿದವರು ಶಾಂತಸಾಗರದ ದ್ವೀಪವಾಸಿಗಳು. ಬಲಿತ ಕಾಯನ್ನು ಕೆಂಡದಲ್ಲಿ ಸುಟ್ಟರೆ ತಿರುಳು ರೊಟ್ಟಿಯಂತೆ ಮೃದುವಾಗುವುದರಿಂದ ಇಂಗ್ಲಿಷರು ಇದನ್ನು ‘ರೊಟ್ಟಿಹಣ್ಣು’ ಎಂದು ಕರೆದರು.

ಈ ಹಣ್ಣಿನ ಚಿತ್ರವನ್ನು ಬರೆದವರಲ್ಲಿ ಸಿಡ್ನಿ ಪಾರ್ಕಿನ್‌ಸನ್ ಎಂಬ ತರುಣನು ಸ್ಮರಣೀಯನು. ಎಡಿನ್‌ಬರೋ ನಗರದಲ್ಲಿ ಬೀರು ತಯಾರಿಸುತ್ತಿದ್ದವನ ಮಗನಾದ ಈತ ಮೊದಲು ಉಣ್ಣೆಬಟ್ಟೆಯ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಸೇರಿದ್ದನು. ಕೈಚಳಕವನ್ನು ಕಂಡ ಸಸ್ಯಪ್ರೇಮಿ ಜೋಸೆಫ್ ಬ್ಯಾಂಕ್ಸ್ ಇವನನ್ನು 1768ರಲ್ಲಿ ಕ್ಯಾಪ್ಟನ್ ಕುಕ್‌ನ ‘ಎಂಡೆವರ್’ ನೌಕೆಯಲ್ಲಿ ಕರೆದೊಯ್ದನು. 1769ರ ಏಪ್ರಿಲ್‌ನಲ್ಲಿ ನೌಕೆ ತಾಹಿತಿ ದ್ವೀಪವನ್ನು ಮುಟ್ಟಿತು. ಅಲ್ಲಿ ನೊಣಗಳ ಕಾಟವೆಷ್ಟಿತ್ತೆಂದರೆ, ಕಾಗದದ ಮೇಲೆ ಹಚ್ಚಿದ ಬಣ್ಣವನ್ನೇ ಅವು ತಿಂದುಹಾಕುತ್ತಿದ್ದವಂತೆ! ಚಿತ್ರಕಾರನು ಮೇಜು ಕುರ್ಚಿಗಳ ಸಮೇತ ಪರದೆಯೊಳಗೆ ಕುಳಿತು ಬರೆಯಬೇಕಾಯಿತು.

ಈ ಹಣ್ಣನ್ನು ಬರೆಯುವುದು ಸುಲಭವಲ್ಲ. ದೂರಕ್ಕೆ ಬರಿಯ ಹಸುರು ಗುಂಡು. ಸಮೀಪಿಸಿ ನೋಡಿದರೆ ಸಿಪ್ಪೆಯ ತುಂಬ ಜೇನುಗೂಡಿನಂಥ ಮನೆಗಳು. ಒಂದೊಂದು ಮನೆಯೂ ಒಂದೊಂದು ಹೂವಿನ ಗುರುತು. ನೂರಾರು ಹೂಗಳು ಒಂದರೊಡನೊಂದು ಬೆಸೆದು ಒಂದೇ ಹಣ್ಣಾಗಿವೆ. ಎಲೆಗಳೋ ಬೆರಳು ಚಾಚಿದ ಅಂಗೈಯಂತೆ ಆಳವಾಗಿ ಸೀಳಿರುತ್ತವೆ. ಇಂಥ ಸೂಕ್ಷ್ಮಗಳನ್ನು ಗಮನಿಸುತ್ತ ಪಾರ್ಕಿನ್‌ಸನ್ ಆ ಪ್ರವಾಸದಲ್ಲಿ ಒಂಬೈನೂರಕ್ಕೂ ಮಿಕ್ಕಿ ಸಸ್ಯಚಿತ್ರಗಳನ್ನು ಬರೆದನು. ಆದರೆ ಊರು ಸೇರುವ ಭಾಗ್ಯ ಅವನಿಗಿರಲಿಲ್ಲ. 1771ರ ಜನವರಿಯಲ್ಲಿ ಆಮಶಂಕೆಯಿಂದ ನಡುಗಡಲಿನಲ್ಲೇ ತೀರಿಕೊಂಡನು. ಆಗ ಅವನಿಗೆ ಸುಮಾರು ಇಪ್ಪತ್ತೈದು ವರ್ಷ. ಅವನ ಚಿತ್ರಗಳು ಇಂದಿಗೂ ಲಂಡನ್ನಿನ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿವೆ.

ಒಬ್ಬನು ಒಂದು ಗಂಟೆ ದುಡಿದು ಹತ್ತು ಗಿಡ ನೆಟ್ಟರೆ ಮುಂದಿನ ಪೀಳಿಗೆಯ ಋಣವೂ ತೀರಿದಂತೆ ಎಂಬ ಅರ್ಥದಲ್ಲಿ ಬ್ಯಾಂಕ್ಸ್ ತನ್ನ ದಿನಚರಿಯಲ್ಲಿ ಬರೆದುಕೊಂಡನು. ಪರದೇಶಿಯ ಕಣ್ಣಿಗೆ ಅದು ದುಡಿಯದೆ ದೊರೆವ ಅನ್ನವಾಗಿ ಕಂಡಿತು. ಆದರೆ ದ್ವೀಪದವರು ಹೇಳುವ ಕಥೆಯೇ ಬೇರೆ.

ತಾಹಿತಿಯ ನೆರೆಯ ರೈಯಾಟೆಯಾ ದ್ವೀಪದಲ್ಲಿ ಒಮ್ಮೆ ಘೋರ ಕ್ಷಾಮ ಬಂದಿತಂತೆ. ಜನರು ಕೆಂಪುಮಣ್ಣನ್ನೇ ತಿನ್ನತೊಡಗಿದರು. ರುವಾತಾಆತಾ ಎಂಬ ತಂದೆ ಹಸಿದ ಮಕ್ಕಳ ಮುಖವನ್ನು ನೋಡಲಾರದೆ ಒಂದು ರಾತ್ರಿ ಹೊರಗೆ ಹೋಗಿ ಮರವಾಗಿ ನಿಂತನು. ಅವನ ಮೈ ಕಾಂಡವಾಯಿತು, ಅಂಗೈಗಳು ಎಲೆಗಳಾದವು, ತಲೆ ಹಣ್ಣಾಯಿತು, ನಾಲಗೆ ಹಣ್ಣಿನೊಳಗಿನ ದಿಂಡಾಯಿತು. ಬೆಳಗಾದಾಗ ಮಕ್ಕಳಿಗೆ ಅನ್ನವಿತ್ತು, ಅಪ್ಪನಿರಲಿಲ್ಲ.

ನಮ್ಮ ಮನೆತನದಲ್ಲಿ ಪದವಿ ತರಗತಿಯಲ್ಲಿ ಕುಳಿತವರಲ್ಲಿ ನಾನೇ ಮೊದಲಿಗನು. ಹಾಗಾಗಿ ಈ ಕಥೆ ನನಗೆ ಕಟ್ಟುಕಥೆಯಾಗಿ ತೋರುವುದಿಲ್ಲ. ಮಕ್ಕಳು ಮೇಲೇರಲೆಂದು ಬಿಸಿಲಿನಲ್ಲಿ ಮರದಂತೆ ನಿಂತವರನ್ನು ನಮ್ಮಲ್ಲಿ ಅನೇಕರು ಮನೆಯಲ್ಲೇ ಕಂಡಿದ್ದೇವೆ.

ಆ ಮರದಲ್ಲಿ ವ್ಯರ್ಥವಾದುದೇನೂ ಇಲ್ಲ. ಕಾಯನ್ನು ಸುಟ್ಟು ತಿನ್ನುತ್ತಾರೆ. ಹೆಚ್ಚಾದುದನ್ನು ಎಲೆ ಹಾಸಿದ ಗುಂಡಿಯಲ್ಲಿ ಹೂತು, ಹುಳಿ ಬರಿಸಿ, ಬರಗಾಲಕ್ಕೆಂದು ಕಾಪಿಡುತ್ತಿದ್ದರು. ಎಳೆಯ ಕೊಂಬೆಗಳ ಒಳತೊಗಟೆಯನ್ನು ಬಡಿದು ಬಟ್ಟೆ ಮಾಡುತ್ತಿದ್ದರು. ಹಾಲಿನಂಥ ಮೇಣದಿಂದ ದೋಣಿಯ ಬಿರುಕು ಮುಚ್ಚುತ್ತಿದ್ದರು, ಹಕ್ಕಿ ಹಿಡಿಯುತ್ತಿದ್ದರು. ಒಣಗಿದ ಗಂಡುಹೂವಿನ ತೆನೆಯ ಹೊಗೆ ಸೊಳ್ಳೆಯನ್ನು ಓಡಿಸುತ್ತದೆ. ಉತ್ತಮ ತಳಿಗಳಿಗೆ ಬೀಜವೇ ಇಲ್ಲ. ಬೇರಿನಿಂದ ಒಡೆದ ಸಸಿಯನ್ನು ದೋಣಿಯಲ್ಲಿಟ್ಟು, ನೀರೆರೆದು, ದ್ವೀಪದಿಂದ ದ್ವೀಪಕ್ಕೆ ಒಯ್ಯಬೇಕಾಗಿತ್ತು. ಇದು ದುಡಿಯದೆ ದೊರೆತ ಅನ್ನವೆನ್ನಬಹುದೇ?

ಮುಂದೆ ವೆಸ್ಟ್ ಇಂಡೀಸಿನ ಕಬ್ಬಿನ ತೋಟದ ಒಡೆಯರು ಗುಲಾಮರಿಗೆ ಅಗ್ಗದ ಆಹಾರ ಬೇಕೆಂದು ಈ ಗಿಡವನ್ನು ಬಯಸಿದರು. ವಿಲಿಯಂ ಬ್ಲೈ ಎಂಬಾತ ‘ಬೌಂಟಿ’ ನೌಕೆಯಲ್ಲಿ ತಾಹಿತಿಯಿಂದ ಸಾವಿರಕ್ಕೂ ಹೆಚ್ಚು ಸಸಿಗಳನ್ನು ತುಂಬಿ ಹೊರಟಾಗ, 1789ರ ಏಪ್ರಿಲ್ 28ರಂದು ನಾವಿಕರು ದಂಗೆಯೆದ್ದು ಸಸಿಗಳನ್ನು ಕಡಲಿಗೆಸೆದರು. ಬ್ಲೈ ಎರಡನೆಯ ಯಾತ್ರೆ ಕೈಗೊಂಡು 1793ರಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾ ದ್ವೀಪಗಳಿಗೆ ಗಿಡಗಳನ್ನು ಮುಟ್ಟಿಸಿದನು. ಆದರೆ ಗುಲಾಮರು ಮೊದಮೊದಲು ಅದನ್ನು ಮೆಚ್ಚಲಿಲ್ಲ. ತಾವು ಬಲ್ಲ ಬಾಳೆಕಾಯೇ ಅವರಿಗೆ ಹಿತವಾಗಿತ್ತು. ಒಡೆಯನು ಲೆಕ್ಕ ಹಾಕಿ ಕೊಟ್ಟ ಅನ್ನವನ್ನು ನಾಲಗೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅವರ ಸಂತತಿಯವರು ಈಗ ಅದೇ ಕಾಯನ್ನು ಸುಟ್ಟು ಪ್ರೀತಿಯಿಂದ ಉಣ್ಣುತ್ತಾರೆ.

ಒಂದೇ ಹಣ್ಣು, ಚಿತ್ರಕಾರನಿಗೆ ಅದು ರೂಪ, ತೋಟದ ಒಡೆಯನಿಗೆ ಉಳಿತಾಯ, ರೈಯಾಟೆಯಾದವರಿಗೆ ತಂದೆಯ ತಲೆ. ಈ ಮೂರರಲ್ಲಿ ಅನ್ನದ ಬೆಲೆಯನ್ನು ಸರಿಯಾಗಿ ತೂಗಿದವರು ಅಕ್ಷರವಿಲ್ಲದ ಆ ಕಥೆಗಾರರೇ ಎಂದು ನನ್ನ ನಂಬಿಕೆ. ಚಿತ್ರಕಲೆಯಲ್ಲಿ ಆಸಕ್ತಿಯುಳ್ಳ ಸಹಪಾಠಿಗಳು ಕರಾವಳಿಗೆ ಹೋದಾಗ ಒಂದು ಜೀಗುಜ್ಜೆಯನ್ನು ಎದುರಿಗಿಟ್ಟುಕೊಂಡು ಬರೆಯಲಿ. ಸಿಪ್ಪೆಯ ಮನೆಗಳನ್ನು ಒಂದೊಂದಾಗಿ ಬಿಡಿಸುವಾಗ, ನಮ್ಮ ತಟ್ಟೆಗೆ ಅನ್ನ ಬಂದ ದಾರಿಯೂ ನೆನಪಾದೀತು.